ಯಾರ ಮೈ, ಯಾರ ನಗೆ?



ಬಾನುಲಿಗೆ ಒಂದು ದೊಡ್ಡ ಅನುಕೂಲವಿದೆ. ಮಾತಾಡುವವರ ಮೈ ನಿಮಗೆ ಕಾಣುವುದಿಲ್ಲ. ನಾನು ದಪ್ಪವೋ ಸಣಕಲೋ ನಿಮಗೆ ತಿಳಿಯದು. ಈ ಸ್ಟುಡಿಯೋಗೆ ಮೆಟ್ಟಿಲು ಹತ್ತಿ ಬಂದೆನೋ, ಗಾಲಿಕುರ್ಚಿಯಲ್ಲಿ ಬಂದೆನೋ, ಅದೂ ತಿಳಿಯದು. ಮಾತು ಮಾತ್ರ ನಿಮ್ಮ ಮನೆಗೆ ಬರುತ್ತಿದೆ. ಮಾತು ಹಿಡಿಸಿದರೆ ಕೇಳುತ್ತೀರಿ. ಇಲ್ಲದಿದ್ದರೆ ಗುಂಡಿ ತಿರುಗಿಸುತ್ತೀರಿ. ನನ್ನನ್ನು ಅಳೆಯಲು ನಿಮ್ಮ ಕೈಯಲ್ಲಿ ಬೇರೆ ಕೋಲಿಲ್ಲ.

ಬೀದಿಯಲ್ಲಿ ಹಾಗಲ್ಲ. ಅಲ್ಲಿ ಮೊದಲು ಮೈ ಬರುತ್ತದೆ, ಆಮೇಲೆ ಮನುಷ್ಯ. ಮೈ ದಪ್ಪವಿದ್ದರೆ, ಕಾಲು ಎಳೆಯುತ್ತಿದ್ದರೆ, ಕಣ್ಣು ಕಾಣದಿದ್ದರೆ, ಮಾತು ತೊದಲಿದರೆ, ಮನುಷ್ಯ ಬಂದು ಸೇರುವಷ್ಟರಲ್ಲಿ ನಗೆ ಬಂದು ಕೂತಿರುತ್ತದೆ. ಆ ನಗೆಯ ಬಗ್ಗೆಯೇ ಇವತ್ತಿನ ಮಾತು.

ಮೂರು ಸಂಗತಿಗಳನ್ನು ಹೇಳುತ್ತೇನೆ. ಮೊದಲನೆಯದು, ನಗುವ ಮುಂಚೆಯೇ ನಮ್ಮ ಮನಸ್ಸು ಬರೆದಿಟ್ಟ ತೀರ್ಪು. ಎರಡನೆಯದು, ಆ ತೀರ್ಪನ್ನು ಸಿನಿಮಾ ಮತ್ತು ರಂಗದ ಹಾಸ್ಯ ಬಳಸಿಕೊಂಡ ಬಗೆ. ಮೂರನೆಯದು, ಅದರಿಂದ ಆಗುವ ಹಾನಿ, ಮತ್ತು ಹಾನಿಯಿಲ್ಲದೆ ನಗುವ ದಾರಿ.

ನಮಗೆಲ್ಲ ಗೊತ್ತಿರುವ ಕಥೆಯಿಂದ ಶುರು ಮಾಡೋಣ. ಚೌತಿಯ ದಿನ ಗಣಪತಿ ಮನೆಮನೆಯಲ್ಲಿ ಕಡುಬು ಉಂಡು, ಇಲಿಯ ಮೇಲೆ ಹೊರಟ. ದಾರಿಯಲ್ಲಿ ಹಾವು ಅಡ್ಡ ಬಂತು. ಇಲಿ ಬೆದರಿತು. ಗಣಪತಿ ಬಿದ್ದ. ಹೊಟ್ಟೆ ಬಿರಿಯಿತು. ಅದೇ ಹಾವನ್ನು ಹಿಡಿದು ಹೊಟ್ಟೆಗೆ ಬಿಗಿದುಕೊಂಡು ಎದ್ದು ನಿಂತ. ಮೇಲಿನಿಂದ ನೋಡುತ್ತಿದ್ದ ಚಂದ್ರ ನಕ್ಕ. ಚಂದ್ರನಿಗೆ ತಾನು ಚೆಲುವ ಎಂಬ ಜಂಬ. ಗಣಪತಿ ಶಪಿಸಿದ. ಚೌತಿಯ ದಿನ ನಿನ್ನನ್ನು ನೋಡಿದವರಿಗೆ ಅಪವಾದ ತಪ್ಪದಿರಲಿ ಎಂದ.

ಕಥೆಯಲ್ಲಿ ತಪ್ಪು ಯಾರದು? ಬಿದ್ದವನದಲ್ಲ, ನಕ್ಕವನದು. ಹೊಟ್ಟೆ ದೊಡ್ಡದಿದ್ದದ್ದು ತಪ್ಪಲ್ಲ, ಅದನ್ನು ನೋಡಿ ಹಲ್ಲು ಕಿರಿದದ್ದು ತಪ್ಪು. ಶಿಕ್ಷೆ ಆದದ್ದೂ ಅವನಿಗೇ. ನಾವು ಏನು ಮಾಡಿದೆವು? ಚಂದ್ರನನ್ನು ನೋಡಬಾರದೆಂಬ ಕಟ್ಟಳೆಯನ್ನು ಇಟ್ಟುಕೊಂಡೆವು. ತಪ್ಪಿ ನೋಡಿದರೆ ಶಮಂತಕ ಮಣಿಯ ಕಥೆ ಕೇಳುತ್ತೇವೆ. ನಗಬಾರದೆಂಬ ನೀತಿಯನ್ನು ಮಾತ್ರ ಬಿಟ್ಟೆವು. ಡೊಳ್ಳುಹೊಟ್ಟೆಯ ದೇವರಿಗೆ ಇಪ್ಪತ್ತೊಂದು ಕಡುಬಿನ ನೈವೇದ್ಯ ಮಾಡುತ್ತೇವೆ. ಅದೇ ಮಧ್ಯಾಹ್ನ ಪಂಕ್ತಿಯಲ್ಲಿ ಕೂತ ಮನೆಯ ಹುಡುಗನಿಗೆ 'ಸಾಕು ಏಳೋ ಡುಮ್ಮ' ಎನ್ನುತ್ತೇವೆ.

ಇನ್ನೊಂದು ಕಥೆ ಅಷ್ಟಾವಕ್ರನದು. ಎಂಟು ಕಡೆ ಡೊಂಕಾದ ಮೈ. ವಾದಕ್ಕೆಂದು ಜನಕರಾಜನ ಸಭೆಗೆ ಬಂದ. ಅವನ ನಡಿಗೆ ನೋಡಿ ಪಂಡಿತರು ನಕ್ಕರು. ಅವನೂ ನಕ್ಕ. ನೀನೇಕೆ ನಗುತ್ತೀ ಎಂದು ರಾಜ ಕೇಳಿದ. ವಿದ್ವಾಂಸರ ಸಭೆಯೆಂದು ಬಂದೆ, ಇಲ್ಲಿ ತೊಗಲು ನೋಡಿ ಬೆಲೆ ಕಟ್ಟುವವರು ಕೂತಿದ್ದಾರೆ ಎಂದ. ಎರಡು ಕಥೆ, ಒಂದರಲ್ಲಿ ದಪ್ಪ ಮೈ, ಇನ್ನೊಂದರಲ್ಲಿ ಡೊಂಕು ಮೈ. ಎರಡರಲ್ಲೂ ನಕ್ಕವರೇ ಸಣ್ಣವರಾದರು. ಅಂದರೆ ಈ ವಿವೇಕ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ನಮ್ಮ ಮನೆಯ ಅಟ್ಟದ ಮೇಲೇ ಇದೆ. ಇಳಿಸಿಕೊಂಡಿಲ್ಲ, ಅಷ್ಟೇ.

ಪುರಾಣ ಸಾಕು. ನಮ್ಮ ಓಣಿಗೆ ಬರೋಣ.

ಮದುವೆ ಮನೆ. ಪಂಕ್ತಿ ಕೂತಿದೆ. ಹೋಳಿಗೆ ಬಡಿಸುವವರು ಸಣಕಲು ಮೈಯವರ ಎಲೆಯ ಮುಂದೆ ನಿಂತು, 'ಇನ್ನೊಂದು ಹಾಕಿಸಿಕೊಳ್ಳಿ, ಏನೂ ಆಗಲ್ಲ' ಎಂದು ಒತ್ತಾಯ ಮಾಡುತ್ತಾರೆ. ದಪ್ಪ ಮೈಯವರು ತಾವಾಗಿ ಎರಡನೆಯ ಹೋಳಿಗೆ ಕೇಳಿದರೆ ಪಕ್ಕದ ಎಲೆಯವರು ತಿರುಗಿ ನೋಡುತ್ತಾರೆ. ಬಟ್ಟೆ ಅಂಗಡಿಯಲ್ಲಿ ಬಾಯಿ ತೆರೆಯುವ ಮೊದಲೇ 'ನಿಮ್ಮ ಸೈಜ್ ಇಲ್ಲ ಮೇಡಂ' ಎಂಬ ಉತ್ತರ ಸಿದ್ಧ. ಶೇರ್ ಆಟೋದಲ್ಲಿ 'ಇಬ್ಬರ ಚಾರ್ಜು ಕೊಡಿ' ಎಂಬ ತಮಾಷೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಹೋಗುತ್ತಾರೆ. ಆಮೇಲೆ 'ಹುಡುಗಿ ಸ್ವಲ್ಪ ದಪ್ಪ ಆಯಿತು' ಎಂದು ಹೇಳಿಕಳಿಸುತ್ತಾರೆ. ಹುಡುಗ ಎಷ್ಟು ದಪ್ಪ ಎಂದು ಯಾರೂ ಕೇಳುವುದಿಲ್ಲ. ವೈದ್ಯರ ಬಳಿ ಕಿವಿನೋವಿಗೆ ಹೋದರೂ ಮೊದಲ ಮಾತು ತೂಕದ್ದು. ಕಿವಿಗೂ ಹೊಟ್ಟೆಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ರೋಗಿಗೆ ಬರುವುದಿಲ್ಲ.

ಅಂಗವೈಕಲ್ಯ ಇರುವವರ ದಿನ ಇನ್ನೊಂದು ಬಗೆಯದು. ಗಾಲಿಕುರ್ಚಿಯಲ್ಲಿ ಒಬ್ಬರು ಹೋಟೆಲಿಗೆ ಬರುತ್ತಾರೆ. ಮಾಣಿ ಅವರನ್ನು ಬಿಟ್ಟು ಜೊತೆಗಿದ್ದವರನ್ನು ಕೇಳುತ್ತಾನೆ, 'ಇವರಿಗೆ ಏನು ಕೊಡಲಿ?' ಬಲವಿಲ್ಲದ್ದು ಕಾಲಿಗೆ. ನಾಲಿಗೆಗೆ ಏನಾಗಿದೆ? ಕಣ್ಣು ಕಾಣದವರ ಮುಂದೆ ನಿಂತು ಕೂಗಿ ಮಾತಾಡುತ್ತೇವೆ, ಅವರಿಗೆ ಕಿವಿಯೂ ಕೇಳಿಸದು ಎಂಬಂತೆ. ಊರಿನಲ್ಲಿ ಇಬ್ಬರು ಸಿದ್ದಪ್ಪಂದಿರಿದ್ದರೆ ಗುರುತಿಗೆ ಒಬ್ಬರನ್ನು ಕುಂಟ ಸಿದ್ದಪ್ಪ ಎನ್ನುತ್ತೇವೆ. ಆ ಸಿದ್ದಪ್ಪ ಒಳ್ಳೆಯ ಬಡಗಿ ಇರಬಹುದು, ಊರಿನ ಭಜನೆಗೆ ಅವರೇ ತಬಲಾ ಇರಬಹುದು. ಆ ಗುರುತು ನಮಗೆ ಸಾಲುವುದಿಲ್ಲ.

ಈ ಎಲ್ಲದರ ಹಿಂದೆ ಒಂದು ತೀರ್ಪಿದೆ. ದಪ್ಪ ಇರುವವರನ್ನು ಕಂಡಾಗ ಮನಸ್ಸು ಹೇಳುತ್ತದೆ: ತಿಂದು ತಿಂದು ಹೀಗಾದರು, ಸೋಮಾರಿಗಳು, ಬಾಯಿ ಕಟ್ಟಲಾರರು. ಅಂಗವಿಕಲರನ್ನು ಕಂಡಾಗ ಹೇಳುತ್ತದೆ: ಪಾಪ, ಏನು ಕರ್ಮವೋ. ಒಬ್ಬರದು ಈ ಜನ್ಮದ ತಪ್ಪು, ಇನ್ನೊಬ್ಬರದು ಹೋದ ಜನ್ಮದ ತಪ್ಪು. ಅಂತೂ ತಪ್ಪು ಅವರದೇ. ತಪ್ಪು ಅವರದೆಂದು ತೀರ್ಮಾನವಾದ ಮೇಲೆ ನಕ್ಕರೂ ನಮಗೆ ದೋಷವಿಲ್ಲ. ನಗೆಗೆ ಪರವಾನಗಿ ಸಿಗುವುದು ಇಲ್ಲಿ.

ಈ ತೀರ್ಪು ನಿಜವೇ? ಸ್ವಲ್ಪ ಲೆಕ್ಕ ನೋಡೋಣ. 2019ರಿಂದ 2021ರವರೆಗೆ ದೇಶದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನವರನ್ನು ತೂಗಿದಾಗ, ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿಯ ತೂಕ ಹೆಚ್ಚಿತ್ತು. ಗಂಡಸರಲ್ಲೂ ಹೆಚ್ಚುಕಡಿಮೆ ಅಷ್ಟೇ. ಹತ್ತರಲ್ಲಿ ಮೂವರು ಎಂದಿಟ್ಟುಕೊಳ್ಳಿ. ಇವರೆಲ್ಲ ಸೋಮಾರಿಗಳೇ? ಬೆಳಗ್ಗೆ ನಾಲ್ಕಕ್ಕೆ ಎದ್ದು ಹೂ ಮಾರುವವರಿದ್ದಾರೆ. ರಾತ್ರಿ ಪಾಳಿಯಲ್ಲಿ ದುಡಿದು ನಿದ್ದೆ ಕೆಟ್ಟವರಿದ್ದಾರೆ. ಥೈರಾಯ್ಡ್ ಇರುವವರು, ಅಂಡಾಶಯದ ತೊಂದರೆ ಇರುವವರು ಇದ್ದಾರೆ. ಆಸ್ತಮಾಕ್ಕೋ ಸಂಧಿವಾತಕ್ಕೋ ಸ್ಟೀರಾಯ್ಡ್ ಮಾತ್ರೆ ನುಂಗಿ ಮೈ ಬಂದವರಿದ್ದಾರೆ. ಅವಳಿ ಮಕ್ಕಳನ್ನು ಹೋಲಿಸಿ ನೋಡಿದ ಅಧ್ಯಯನಗಳು ಮೈತೂಕದಲ್ಲಿ ವಂಶವಾಹಿಗಳ ಪಾಲು ಬಹಳ ದೊಡ್ಡದು ಎನ್ನುತ್ತವೆ. ಊಟವೂ ವ್ಯಾಯಾಮವೂ ಲೆಕ್ಕಕ್ಕಿವೆ, ಇಲ್ಲವೆಂದಲ್ಲ. ಆದರೆ ಒಬ್ಬರ ಮೈ ನೋಡಿದ ಮಾತ್ರಕ್ಕೆ ಅವರ ತಟ್ಟೆ ನಮಗೆ ಕಾಣುವುದಿಲ್ಲ.

ಕರ್ಮದ ಲೆಕ್ಕವೂ ಹಾಗೆಯೇ. ನಮ್ಮಲ್ಲಿ ನಡುವಯಸ್ಸು ದಾಟಿದ ಅನೇಕರು ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡವರು. ಅವರು ಮಕ್ಕಳಾಗಿದ್ದಾಗ ಜನ ಅದನ್ನು ಹಿಂದಿನ ಜನ್ಮದ ಫಲ ಎಂದರು. ಆಮೇಲೆ ಊರೂರಿಗೆ ಲಸಿಕೆ ಬಂತು. ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಕಂಡಿತು. 2014ರಲ್ಲಿ ದೇಶ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು. ಜನ್ಮಾಂತರದ ಕರ್ಮ ಎಂದದ್ದನ್ನು ಎರಡು ಹನಿ ಔಷಧಿ ಓಡಿಸಿತು. ಹಾಗಾದರೆ ತಪ್ಪು ಮಗುವಿನದಾಗಿತ್ತೇ, ಲಸಿಕೆ ತಲುಪಿಸದವರದಾಗಿತ್ತೇ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಎರಡೂಮುಕ್ಕಾಲು ಕೋಟಿಯಷ್ಟು ಜನರಿಗೆ ಅಂಗವೈಕಲ್ಯವಿತ್ತು. ಕರ್ನಾಟಕದಲ್ಲೇ ಸುಮಾರು ಹದಿಮೂರು ಲಕ್ಷ. ಆಗ ಎಣಿಸಿದ್ದು ಕೆಲವೇ ಬಗೆಗಳನ್ನು. 2016ರ ಕಾಯ್ದೆ ಇಪ್ಪತ್ತೊಂದು ಬಗೆಗಳನ್ನು ಗುರುತಿಸಿದೆ. ಹದಿಮೂರು ಲಕ್ಷ ಎಂದರೆ ಒಂದು ದೊಡ್ಡ ನಗರದ ಜನಸಂಖ್ಯೆ. ಇಷ್ಟು ಜನ ನಮಗೆ ಬಸ್ಸಿನಲ್ಲಿ, ಕಚೇರಿಯಲ್ಲಿ, ಸಿನಿಮಾ ಮಂದಿರದಲ್ಲಿ ಯಾಕೆ ಕಾಣುವುದಿಲ್ಲ? ಮೆಟ್ಟಿಲುಗಳಿಂದ ಕಾಣುವುದಿಲ್ಲ. ಇಳಿಜಾರು ದಾರಿ ಇಲ್ಲದ ಕಟ್ಟಡಗಳಿಂದ ಕಾಣುವುದಿಲ್ಲ. ದಿನವೂ ಕಂಡಿದ್ದರೆ ಅವರು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಮೈ ನೋಡಿ ನಗುವ ಮೊದಲು ತಪ್ಪು ಅವರದೇ ಎಂಬ ತೀರ್ಪು ನಮ್ಮೊಳಗೆ ಆಗಿರುತ್ತದೆ, ಆ ತೀರ್ಪಿಗೆ ಬುಡವಿಲ್ಲ. ಈಗ ಎರಡನೆಯದಕ್ಕೆ ಬರೋಣ. ಹಾಸ್ಯ ಈ ತೀರ್ಪನ್ನು ಹೇಗೆ ಬಳಸಿಕೊಂಡಿತು?

ಹಿಂದಿ ಚಿತ್ರರಂಗದ ಒಂದು ಉದಾಹರಣೆ ಹೇಳುತ್ತೇನೆ. ಅದಕ್ಕೂ ರೇಡಿಯೋಗೂ ನಂಟಿದೆ. 1947ರಲ್ಲಿ 'ದರ್ದ್' ಎಂಬ ಚಿತ್ರ ಬಂತು. ಸಂಗೀತ ನೌಷಾದ್ ಅವರದು. ಉಮಾದೇವಿ ಎಂಬ ಹೊಸ ಗಾಯಕಿ ಹಾಡಿದ್ದರು. ದೇಶವೆಲ್ಲ ಆ ದನಿಗೆ ಮರುಳಾಯಿತು. ಕೇಳಿದವರಿಗೆ ಆಕೆಯ ಮೈ ಕಾಣುತ್ತಿರಲಿಲ್ಲ. ದನಿ ಮಾತ್ರ ಬರುತ್ತಿತ್ತು, ಅದು ಚೆಲುವಾಗಿತ್ತು. ಮೂರೇ ವರ್ಷದಲ್ಲಿ, 1950ರ 'ಬಾಬುಲ್' ಚಿತ್ರದಲ್ಲಿ, ಅದೇ ಉಮಾದೇವಿ ತೆರೆಯ ಮೇಲೆ ಬಂದರು. ಹೆಸರು ಟುನ್ ಟುನ್ ಎಂದಾಯಿತು. ಆಮೇಲೆ ಸುಮಾರು ಇನ್ನೂರು ಚಿತ್ರಗಳಲ್ಲಿ ಅವರು ನಗಿಸಿದರು. ಅವರ ಸಮಯಪ್ರಜ್ಞೆ ಬಲು ಚುರುಕು. ಆದರೆ ಬರೆಯುವವರಿಗೆ ಅದು ಬೇಕಾಗಿರಲಿಲ್ಲ. ಅವರು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಜನ ನಗುತ್ತಿದ್ದರು. ಕೊನೆಗೆ ಆ ಹೆಸರೇ ದಪ್ಪ ಹೆಂಗಸರನ್ನು ಅಣಕಿಸುವ ಮಾತಾಯಿತು. ಹಿಂದಿ ಬಾರದ ಕಡೆಯೂ ಶಾಲೆಯ ಅಂಗಳಕ್ಕೆ ಇಳಿಯಿತು. ದನಿ ಕೇಳಿದಾಗ ಗಾಯಕಿ, ಮೈ ಕಂಡಾಗ ಗೇಲಿ. ಬದಲಾದದ್ದು ಆಕೆಯಲ್ಲ.

ನಮ್ಮ ಕನ್ನಡದ ಹಾಸ್ಯಕ್ಕೂ ಇಂಥ ಸಿದ್ಧ ಅಚ್ಚುಗಳಿವೆ. ನೀವೂ ಕಂಡಿದ್ದೀರಿ. ಕಿವಿ ಕೇಳದ ಅಜ್ಜ, ಒಂದು ಕೇಳಿದರೆ ಇನ್ನೊಂದು ಉತ್ತರ. ತೊದಲುವ ಮನೆಯಾಳು, ಬೆಂಕಿ ಬಿದ್ದ ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ಮನೆ ಸುಟ್ಟಿರುತ್ತದೆ. ಮೆಳ್ಳೆಗಣ್ಣಿನವನು ಒಬ್ಬರನ್ನು ಕರೆದರೆ ಇಬ್ಬರು ಓಗೊಡುತ್ತಾರೆ. ಹಾಸ್ಯನಟನಿಗೆ ದಪ್ಪ ಹೆಂಡತಿ. ಆಕೆ ಕೂತರೆ ಮಂಚ ಮುರಿಯಬೇಕು. ಆಕೆ ನಡೆದು ಬಂದರೆ ಹಿನ್ನೆಲೆಯಲ್ಲಿ ಡೋಲು ಬಡಿಯಬೇಕು. ಕಣ್ಣು ಮುಚ್ಚಿಕೊಂಡರೂ ಆ ಡೋಲಿನಿಂದಲೇ ಗೊತ್ತಾಗುತ್ತದೆ, ಯಾರೋ ದಪ್ಪ ಇರುವವರು ಬಂದರು, ಈಗ ನಗಬೇಕು ಎಂದು. ಈಚೆಗೆ ಕಿರುತೆರೆಯ ಹಾಸ್ಯ ಕಾರ್ಯಕ್ರಮಗಳಲ್ಲೂ ಅದೇ ಸದ್ದು. ತೀರ್ಪುಗಾರರು ಮೇಜು ಬಡಿದು ನಗುತ್ತಾರೆ. ದಪ್ಪ ಇರುವ ಕಲಾವಿದರು ತಮ್ಮ ಮೈಯನ್ನು ತಾವೇ ಆಡಿಕೊಳ್ಳುತ್ತಾರೆ. ಆಡಿಕೊಳ್ಳದಿದ್ದರೆ ಮುಂದಿನ ವಾರ ಪಾತ್ರ ಸಿಕ್ಕೀತೆಂಬ ನಂಬಿಕೆ ಅವರಿಗಿಲ್ಲ.

ಹಾಗಾದರೆ ಮೈಯನ್ನು ಹಾಸ್ಯಕ್ಕೆ ತರಲೇಬಾರದೇ? ಅಷ್ಟು ಸರಳವಲ್ಲ. ಕನ್ನಡದ ಇಬ್ಬರು ದೊಡ್ಡ ನಟರನ್ನು ನೆನೆಯೋಣ.

ಒಬ್ಬರು ದ್ವಾರಕೀಶ್. ಅವರು ಗಿಡ್ಡಗಿದ್ದರು. ಅದನ್ನು ಮುಚ್ಚಿಡಲಿಲ್ಲ. 1972ರಲ್ಲಿ 'ಕುಳ್ಳ ಏಜೆಂಟ್ 000', 1984ರಲ್ಲಿ 'ಪ್ರಚಂಡ ಕುಳ್ಳ'. ತಮ್ಮ ಎತ್ತರವನ್ನೇ ಫಲಕದ ಮೇಲೆ ಬರೆಸಿದರು. ಆದರೆ ಗಮನಿಸಿ. ಆ ಚಿತ್ರಗಳಲ್ಲಿ ಕುಳ್ಳನೇ ನಾಯಕ. ಪೆಟ್ಟು ತಿನ್ನುವವನಲ್ಲ, ಗೆಲ್ಲುವವನು. ಜೊತೆಗೆ ಅವರು ನಿರ್ಮಾಪಕರು. 1969ರಲ್ಲೇ ಡಾ. ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 'ಮೇಯರ್ ಮುತ್ತಣ್ಣ' ತೆಗೆದವರು. ಕುಳ್ಳ ಎಂದು ಕರೆಯುವ ಹಕ್ಕು, ಎಲ್ಲಿ ಕರೆಯಬೇಕು, ಎಷ್ಟು ಸಲ ಕರೆಯಬೇಕು ಎಂಬ ತೀರ್ಮಾನ, ಎರಡೂ ಅವರ ಕೈಯಲ್ಲಿದ್ದವು. ಈ ಯಜಮಾನಿಕೆ ಎಲ್ಲ ಕಲಾವಿದರಿಗೂ ಸಿಗುವುದಿಲ್ಲ.

ಇನ್ನೊಬ್ಬರು ಟಿ. ಎನ್. ಬಾಲಕೃಷ್ಣ, ನಮ್ಮ ಬಾಲಣ್ಣ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಚಿತ್ರರಂಗಕ್ಕೆಲ್ಲ ಇದು ಗೊತ್ತಿತ್ತು. ಎದುರಿನವರ ತುಟಿಯಲ್ಲೇ ಅವರ ಗಮನ. ಹಾಸ್ಯದಲ್ಲಿ ಉತ್ತರ ಅರೆಗಳಿಗೆ ತಡವಾದರೆ ನಗೆ ಸತ್ತುಹೋಗುತ್ತದೆ. ಕೇಳಿಸದ ಮಾತಿಗೆ ತಕ್ಕ ಹೊತ್ತಿಗೆ ಉತ್ತರ ಕೊಡುವುದು ಎಂಥ ಅಭ್ಯಾಸ, ಯೋಚಿಸಿ. ಹೀಗೆ ನೂರಾರು ಚಿತ್ರ ಮಾಡಿದರು. 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ನೋಡಿದವರು ಆ ಮಾತಿನ ಓಟವನ್ನು ಮರೆಯಲಾರರು. ಅಭಿಮಾನ್ ಸ್ಟುಡಿಯೋ ಕಟ್ಟಿದವರೂ ಇವರೇ. ಕಿವುಡು ಪಾತ್ರವನ್ನು ಗೇಲಿ ಮಾಡಿ ನಗಿಸುವ ಅಚ್ಚು ಇದ್ದ ಉದ್ಯಮದಲ್ಲಿ, ಕಿವಿ ಕೇಳಿಸದ ಕಲಾವಿದರೊಬ್ಬರು ಮಾತಿನ ವರಸೆಯಿಂದಲೇ ಮೇಲೆ ಬಂದರು.

ಇವರಿಬ್ಬರಿಂದ ನನಗೆ ಒಂದು ಪರೀಕ್ಷೆ ಸಿಕ್ಕಿದೆ. ಯಾವುದೇ ನಗೆಹನಿಯಿಂದ ಆ ಮೈಯನ್ನು ತೆಗೆದು ನೋಡಿ. ದಪ್ಪ ಎಂಬುದನ್ನು, ಕುಂಟು ಎಂಬುದನ್ನು, ತೊದಲು ಎಂಬುದನ್ನು ಅಳಿಸಿ ನೋಡಿ. ಆಮೇಲೂ ಅಲ್ಲಿ ನಗುವಂಥದ್ದು ಉಳಿದರೆ, ಅದನ್ನು ಬರೆದವರು ಕೆಲಸ ಮಾಡಿದ್ದಾರೆ. ಏನೂ ಉಳಿಯದಿದ್ದರೆ ಅವರು ಕೆಲಸ ಮಾಡಿಲ್ಲ, ಬೇರೊಬ್ಬರ ಮೈಯಿಂದ ಕೆಲಸ ತೆಗೆದಿದ್ದಾರೆ. ಬಾಲಣ್ಣನ ಹಾಸ್ಯ ಈ ಪರೀಕ್ಷೆಯಲ್ಲಿ ನಿಲ್ಲುತ್ತದೆ. ಮಂಚ ಮುರಿಯುವ ಹಾಸ್ಯ ನಿಲ್ಲುವುದಿಲ್ಲ.

ಇದೇ ಪರೀಕ್ಷೆಯನ್ನು ತಿರುಗಿಸಿ ನಮ್ಮನ್ನೇ ತೂಗಿದ ಚಿತ್ರವೊಂದಿದೆ. 2017ರ 'ಒಂದು ಮೊಟ್ಟೆಯ ಕಥೆ'. ರಾಜ್ ಬಿ. ಶೆಟ್ಟಿ ಅವರದು. ನಾಯಕ ಮಂಗಳೂರಿನ ಕನ್ನಡ ಉಪನ್ಯಾಸಕ. ತಲೆಯಲ್ಲಿ ಕೂದಲಿಲ್ಲ. ತರಗತಿ ನಗುತ್ತದೆ, ಲೋಕ ನಗುತ್ತದೆ, ಮದುವೆಗೆ ಹೆಣ್ಣು ಸಿಗುವುದಿಲ್ಲ. ನಮಗೆ ಅವನ ಮೇಲೆ ಮರುಕ ಹುಟ್ಟುತ್ತದೆ. ಆಗ ಅವನೆದುರು ದಪ್ಪ ಹುಡುಗಿಯೊಬ್ಬಳು ಬರುತ್ತಾಳೆ. ಲೋಕ ತನ್ನನ್ನು ನೋಡಿದ ಕಣ್ಣಿನಿಂದಲೇ ಅವನು ಅವಳನ್ನು ನೋಡುತ್ತಾನೆ. ಗೇಲಿಗೆ ಸಿಕ್ಕಿದವನಿಗೂ ಗೇಲಿಯ ಕಣ್ಣು ತಪ್ಪಲಿಲ್ಲ. ನಗುವವರು ಬೇರೆ, ನಗೆಗೆ ಸಿಕ್ಕುವವರು ಬೇರೆ ಎಂಬ ನಮ್ಮ ಸಮಾಧಾನವನ್ನು ಆ ಚಿತ್ರ ಕಸಿದುಕೊಳ್ಳುತ್ತದೆ.

ಮತ್ತೆ ಒಂದು ಸಲ ಹೇಳುತ್ತೇನೆ. ನಗೆಯ ಹಿಂದೆ ತಪ್ಪು ತೀರ್ಪಿದೆ. ಹಾಸ್ಯ ಆ ತೀರ್ಪನ್ನು ಬಂಡವಾಳ ಮಾಡಿಕೊಂಡಿದೆ. ಈಗ ಮೂರನೆಯದು,  ಹಾನಿ.

'ಅಯ್ಯೋ, ತಮಾಷೆಗೆ ಹೇಳಿದ್ದು' ಎನ್ನುವವರಿದ್ದಾರೆ. 'ನಾಲ್ಕು ಮಾತು ಆಡಿದರೆ ತೂಕ ಇಳಿಸುತ್ತಾರೆ, ಅವರ ಒಳ್ಳೆಯದಕ್ಕೇ' ಎನ್ನುವವರೂ ಇದ್ದಾರೆ. ಇದನ್ನು ಪರೀಕ್ಷಿಸಿದವರಿದ್ದಾರೆ. 2013ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಆರು ಸಾವಿರಕ್ಕೂ ಹೆಚ್ಚು ಜನರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನ. ಮೊದಲಿಗೆ ಬೊಜ್ಜು ಇಲ್ಲದವರಲ್ಲಿ, ಮೈತೂಕದ ಕಾರಣಕ್ಕೆ ಅವಮಾನ, ತಾರತಮ್ಯ ಅನುಭವಿಸಿದವರು ಮುಂದೆ ಬೊಜ್ಜಿಗೆ ಬೀಳುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಗೇಲಿ ಮೈ ಇಳಿಸಲಿಲ್ಲ. ಯಾಕಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ನಗುತ್ತಾರೆಂದು ಗೊತ್ತಿದ್ದರೆ ಮೈದಾನಕ್ಕೆ ಯಾರು ಓಡಲು ಬರುತ್ತಾರೆ? ಈಜುಕೊಳಕ್ಕೆ ಯಾರು ಇಳಿಯುತ್ತಾರೆ? ಬೈಸಿಕೊಳ್ಳಲು ವೈದ್ಯರ ಬಳಿ ಯಾರು ಹೋಗುತ್ತಾರೆ?

ಇನ್ನೊಂದು ಅಧ್ಯಯನ ಹಾರ್ವರ್ಡ್ ವಿಶ್ವವಿದ್ಯಾಲಯದವರದು. 2007ರಿಂದ 2016ರವರೆಗೆ ಅಮೆರಿಕದ ಜನ ಕಂಪ್ಯೂಟರಿನಲ್ಲಿ ತೆಗೆದುಕೊಂಡ ಸುಮಾರು ನಲವತ್ತನಾಲ್ಕು ಲಕ್ಷ ಪರೀಕ್ಷೆಗಳನ್ನು ಅವರು ಕೂಡಿ ನೋಡಿದರು. ಬಾಯಲ್ಲಿ ಹೇಳದಿದ್ದರೂ ಮನಸ್ಸಿನ ಒಳಗೆ ಯಾರ ಬಗ್ಗೆ ಎಷ್ಟು ಅಸಡ್ಡೆಯಿದೆ ಎಂದು ಅಳೆಯುವ ಪರೀಕ್ಷೆಗಳವು. ಆ ಹತ್ತು ವರ್ಷಗಳಲ್ಲಿ ಜನಾಂಗದ ಬಗೆಗಿನ ಅಸಡ್ಡೆ ಕಡಿಮೆಯಾಗಿತ್ತು. ಸಲಿಂಗಿಗಳ ಬಗೆಗಿನದು ಇನ್ನೂ ಕಡಿಮೆಯಾಗಿತ್ತು. ಅಂಗವೈಕಲ್ಯದ ಬಗೆಗಿನದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ದಪ್ಪ ಮೈಯ ಬಗೆಗಿನದು ಸ್ವಲ್ಪ ಹೆಚ್ಚಾಗಿತ್ತು. ಕಾಲ ತಾನಾಗಿ ಎಲ್ಲವನ್ನೂ ಸರಿಮಾಡುತ್ತದೆ ಎಂದು ಕೈಕಟ್ಟಿ ಕೂರುವಂತಿಲ್ಲ.

ನಮ್ಮ ಊರಿಗೇ ಬನ್ನಿ. 2022ರ ಮೇ ತಿಂಗಳು. ಬೆಂಗಳೂರಿನಲ್ಲಿ ಇಪ್ಪತ್ತೊಂದು ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡರು. ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ಇಪ್ಪತ್ತೊಂದನೆಯ ವಯಸ್ಸಿಗೆ ಮೈಯ ಕೊಬ್ಬಿಗೆ ಕತ್ತರಿ ಹಾಕಿಸಬೇಕು ಎನ್ನಿಸುವಂಥ ಲೋಕವನ್ನು ಕಟ್ಟಿದವರು ನಾವು, ನೋಡುವವರು.

ಹಾನಿ ನಗೆಯಿಂದ ಮಾತ್ರ ಆಗುವುದಿಲ್ಲ. ಹೊಗಳಿಕೆಯಿಂದಲೂ ಆಗುತ್ತದೆ. ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ನೀವು ಬಲ್ಲಿರಿ. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣು ಕಾಣದವರು. ಎಷ್ಟೋ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ನಾವು ಕೈಮುಗಿಯುತ್ತೇವೆ, ಮುಗಿಯಬೇಕಾದದ್ದೇ. ಆದರೆ ಅದೇ ಕೈ ಬ್ಯಾಂಕಿನಲ್ಲಿ ಕಣ್ಣು ಕಾಣದ ಗುಮಾಸ್ತರ ಮೇಜಿಗೆ ಕಡತ ಕೊಡಲು ಹಿಂಜರಿಯುತ್ತದೆ. ಬಾಡಿಗೆಗೆ ಮನೆ ಕೇಳಲು ಬಂದರೆ 'ನಿಮಗೆ ಕಷ್ಟ ಆಗುತ್ತದೆ' ಎಂದು ಬಾಗಿಲು ಹಾಕುತ್ತದೆ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ಭಾರತದ ಅಂಧರ ಕ್ರಿಕೆಟ್ ತಂಡಕ್ಕೆ ನಾಯಕರಾಗಿ ವಿಶ್ವಕಪ್ ತಂದಾಗ ಚಪ್ಪಾಳೆ ಹೊಡೆದೆವು. ಊರಿನ ಮೈದಾನದಲ್ಲಿ ಸುಮ್ಮನೆ ಆಡಲು ಬಂದ ಅಂಧ ಹುಡುಗನಿಗೆ ಜಾಗ ಬಿಟ್ಟೆವೇ? ನಮ್ಮಲ್ಲಿ ಅಂಗವಿಕಲರಿಗೆ ಎರಡೇ ಪಾತ್ರ. ಒಂದೋ ನಗೆಪಾಟಲು, ಇಲ್ಲವೋ ಹಾರ. ನಡುವೆ ಸಾಮಾನ್ಯರಾಗಿ ಬದುಕಲು ಎಡೆಯಿಲ್ಲ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ತೊಂಬತ್ತೆರಡನೆಯ ಸೆಕ್ಷನ್ ನೆನಪಿಟ್ಟುಕೊಳ್ಳಿ. ಸಾರ್ವಜನಿಕರ ಎದುರು ಅಂಗವಿಕಲರನ್ನು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ದಪ್ಪ ಮೈಯವರಿಗೆ ನಮ್ಮಲ್ಲಿ ಇಂಥ ಪ್ರತ್ಯೇಕ ಕಾಯ್ದೆಯಿಲ್ಲ. ಅಮೆರಿಕದ ಮಿಚಿಗನ್ ರಾಜ್ಯದ 1976ರ ಕಾಯ್ದೆಯಲ್ಲೇ ತೂಕದ ತಾರತಮ್ಯಕ್ಕೆ ತಡೆಯಿದೆ. ನ್ಯೂಯಾರ್ಕ್ ನಗರ 2023ರಲ್ಲಿ ಅಂಥದೇ ಕಾಯ್ದೆ ಮಾಡಿತು. ಅಲ್ಲಿ ತೂಕ ನೋಡಿ ಕೆಲಸ ನಿರಾಕರಿಸುವಂತಿಲ್ಲ.

ಹಾಸ್ಯದ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಬಂತು. 'ಆಂಖ್ ಮಿಚೋಲಿ' ಎಂಬ ಹಿಂದಿ ಚಿತ್ರ. ಒಂದು ಕುಟುಂಬ. ಒಬ್ಬರಿಗೆ ಮರೆವು, ಒಬ್ಬರಿಗೆ ಕಿವಿ ಮಂದ, ಒಬ್ಬರಿಗೆ ತೊದಲು, ಮದುವೆಯ ಹುಡುಗಿಗೆ ಇರುಳುಗಣ್ಣು. ಇವನ್ನು ಗಂಡಿನ ಕಡೆಯವರಿಂದ ಮುಚ್ಚಿಡುವುದೇ ಹಾಸ್ಯ. ನಿಪುಣ್ ಮಲ್ಹೋತ್ರಾ ಎಂಬ ಅಂಗವಿಕಲರ ಹಕ್ಕುಗಳ ಹೋರಾಟಗಾರರು ನ್ಯಾಯಾಲಯಕ್ಕೆ ಹೋದರು. 2024ರ ಜುಲೈನಲ್ಲಿ ತೀರ್ಪು ಬಂತು. ನ್ಯಾಯಾಲಯ ಚಿತ್ರಕ್ಕೆ ಕತ್ತರಿ ಹಾಕಲಿಲ್ಲ. ಆದರೆ ಎರಡು ಬಗೆಯ ಹಾಸ್ಯಗಳ ನಡುವೆ ಗೆರೆ ಎಳೆಯಿತು. ಒಂದು, ಅಂಗವೈಕಲ್ಯದ ಬಗ್ಗೆ ಜನರ ತಪ್ಪು ಕಲ್ಪನೆಯನ್ನು ಒಡೆಯುವ ಹಾಸ್ಯ. ಇನ್ನೊಂದು, ಆ ವ್ಯಕ್ತಿಯನ್ನೇ ಕುಗ್ಗಿಸುವ ಹಾಸ್ಯ. ಮೊದಲನೆಯದಕ್ಕೆ ಜಾಗವಿದೆ, ಎರಡನೆಯದಕ್ಕೆ ಇರಬಾರದು ಎಂದಿತು. ಅಂಗವಿಕಲರನ್ನು ಗೇಲಿ ಮಾಡಬೇಡಿ, ಅತಿಮಾನುಷ ವೀರರನ್ನಾಗಿಯೂ ಮಾಡಬೇಡಿ, ಬರೆಯುವಾಗ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ ಎಂದಿತು. ಮರುವರ್ಷ ಆಗಸ್ಟಿನಲ್ಲಿ ಅದೇ ನ್ಯಾಯಾಲಯ, ಅಂಗವಿಕಲರನ್ನು ಹೀಯಾಳಿಸಿದ ಕೆಲವು ಹಾಸ್ಯಗಾರರಿಗೆ ತಮ್ಮ ವೇದಿಕೆಯಲ್ಲೇ ಕ್ಷಮೆ ಕೇಳಲು ಹೇಳಿತು.

'ಹಾಗಾದರೆ ಯಾರ ಬಗ್ಗೆ ನಗುವುದು ಸ್ವಾಮಿ?' ಎಂದು ನೀವು ಕೇಳಬಹುದು. ನಗಲು ವಿಷಯದ ಬರ ನಮ್ಮ ನಾಡಿಗೆ ಎಂದೂ ಇರಲಿಲ್ಲ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ಸಾವಿರಾರು ಪ್ರಯೋಗ ಕಂಡಿತು. ನಗೆ ಹೋಗಿ ತಾಗಿದ್ದು ಲಂಚ ತಿನ್ನುವ ಕುರ್ಚಿಗೆ. ಬೆಂಗಳೂರು ಆಕಾಶವಾಣಿಯಲ್ಲಿ ಎ. ಎಸ್. ಮೂರ್ತಿಯವರ ಈರಣ್ಣ ಊರಿನ ಕುಂದುಕೊರತೆಗಳನ್ನು ಹಿಡಿದು ನಗಿಸಿದ. ಈರಣ್ಣನ ಮೈ ಕೇಳುಗರಿಗೆ ಕಾಣಲಿಲ್ಲ, ಬೇಕೂ ಆಗಲಿಲ್ಲ. ಗಾಲಿಕುರ್ಚಿಯವರನ್ನು ನೋಡಿ ನಗಬೇಡಿ. ಗಾಲಿಕುರ್ಚಿಯ ಚಿತ್ರ ಬರೆದ ಫಲಕವನ್ನು ಹನ್ನೆರಡು ಮೆಟ್ಟಿಲಿನ ಮೇಲೆ ತೂಗುಹಾಕಿದ ಕಚೇರಿಯನ್ನು ನೋಡಿ ಧಾರಾಳವಾಗಿ ನಗಿ. ದಪ್ಪ ಹುಡುಗಿಯನ್ನು ನೋಡಿ ನಗಬೇಡಿ. ತನ್ನ ಹೊಟ್ಟೆ ಪ್ಯಾಂಟಿನ ಪಟ್ಟಿಯಿಂದ ಇಳಿದಿದ್ದರೂ 'ಹುಡುಗಿ ದಪ್ಪ ಆಯಿತು' ಎನ್ನುವ ವರಮಹಾಶಯನ ಮಾತು ಕೇಳಿ ನಗಿ. ಇಲ್ಲೂ ಮೈ ಬಂತಲ್ಲ ಎಂದಿರಾ? ಅವನ ಹೊಟ್ಟೆ ಅಳಿಸಿಬಿಡಿ. ಅವನ ಜಂಬ ಉಳಿಯುತ್ತದೆ. ನಗಬೇಕಾದದ್ದು ಅದಕ್ಕೆ.

ಕೊನೆಗೆ, ಇವತ್ತಿನಿಂದಲೇ ಮಾಡಬಹುದಾದ ಮೂರು ಕೆಲಸ ಹೇಳುತ್ತೇನೆ. ಒಂದು, ಯಾರ ತೂಕದ ಬಗ್ಗೆಯೂ ಅವರು ಕೇಳದೆ ಮಾತಾಡಬೇಡಿ. ದಪ್ಪ ಆದಿರಿ ಎಂದಷ್ಟೇ ಅಲ್ಲ, ಇಳಿದುಹೋದಿರಿ ಎಂದೂ ಹೇಳಬೇಡಿ. ಇಳಿದದ್ದು ಕಾಯಿಲೆಯಿಂದಲೂ ಇರಬಹುದು. ಎರಡು, ಅಂಗವಿಕಲರ ಜೊತೆ ಮಾತಿದ್ದರೆ ಅವರ ಜೊತೆಗೇ ಆಡಿ. ಸಹಾಯ ಮಾಡುವ ಮುನ್ನ 'ಬೇಕಾ?' ಎಂದು ಕೇಳಿ. ಬೇಡ ಎಂದರೆ ಬಿಟ್ಟುಬಿಡಿ. ಮೂರನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಷ್ಟ. ಮುಂದಿನ ಸಲ ಯಾರಾದರೂ ಇನ್ನೊಬ್ಬರ ಮೈ ಹಿಡಿದು ನಗೆಹನಿ ಹಾರಿಸಿದಾಗ, ನಗಬೇಡಿ. ಜಗಳ ಆಡಬೇಕಿಲ್ಲ, ಭಾಷಣವೂ ಬೇಡ. ನಗದೆ ಕೂತರೆ ಸಾಕು. ಹೇಳಿದವರಿಗೆ ಅರೆನಿಮಿಷ ಮುಜುಗರವಾಗುತ್ತದೆ. ಆಗಲಿ. ಇಷ್ಟು ವರ್ಷ ಆ ಮುಜುಗರವನ್ನು ಬೇರೆಯವರು ಹೊತ್ತಿದ್ದಾರೆ.